ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡಲ್ಲ

"ಬೇರೆ ಅಂಗಡೀಲಿ ಕೊಡ್ತಾರಲ್ಲ, ನಿಮ್ಮದೇನು ಹೊಸ ರೂಲ್ಸು?" ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ನಿಂತವನಿಗೆ ಇದಕ್ಕಿಂತ ಜಾಸ್ತಿ ಕಿವಿಗೆ ಬೀಳುವ ಮಾತು ಬೇರೆ ಇಲ್ಲ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಫಾರ್ಮಸಿಸ್ಟ್. ಡಾಕ್ಟರ್ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ಈ ರೂಲ್ಸ್ ಹೊಸದೂ ಅಲ್ಲ, ನನ್ನದೂ ಅಲ್ಲ. ಅಜಿತ್ರೊಮೈಸಿನ್, ಅಮಾಕ್ಸಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳು ಔಷಧಿ ಕಾನೂನಿನ ಶೆಡ್ಯೂಲ್ ಎಚ್ ಅನ್ನುವ ಪಟ್ಟಿಯಲ್ಲಿವೆ, ಚೀಟಿ ಬೇಕೇ ಬೇಕು. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅಂತ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಅದು ಬಂದಾಗ ಅದರಲ್ಲಿ 46 ಔಷಧಿಗಳಿದ್ದವು. ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್‌ಗಳು, ಟಿಬಿ ಮಾತ್ರೆಗಳು, ನೋವಿಗೆ ಕೊಡುವ ಟ್ರಮಡಾಲ್, ಆತಂಕಕ್ಕೆ ಕೊಡುವ ಅಲ್ಪ್ರಜೋಲಮ್ ಎಲ್ಲ ಅಲ್ಲಿವೆ. ಇವನ್ನು ಕೊಟ್ಟರೆ ಚೀಟಿ ಬರೆದ ಡಾಕ್ಟರ್ ಹೆಸರು, ವಿಳಾಸ, ರೋಗಿಯ ಹೆಸರು, ಯಾವ ಔಷಧಿ, ಎಷ್ಟು ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ರಿಜಿಸ್ಟರ್ 3 ವರ್ಷ ಇಟ್ಟಿರಬೇಕು.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಜನ ಕೇಳುವುದು ಮಾತ್ರ "ಸೆಟ್". "ಜ್ವರ, ಮೈಕೈ ನೋವು, ಗಂಟಲು ಕೆರೆತ. ಒಂದು ಸೆಟ್ ಮಾಡಿಕೊಡಿ." ಸೆಟ್ ಅಂದರೆ ಒಂದು ಪುಟ್ಟ ಕವರ್. ಅದರಲ್ಲಿ ಜ್ವರದ್ದೊಂದು, ನೆಗಡಿಯದ್ದೊಂದು, ಗ್ಯಾಸ್‌ಗೆ ಒಂದು, ಜೊತೆಗೆ "ಹೈ ಪವರ್" ಅಂತ ಒಂದು. ಆ ಹೈ ಪವರ್ ಮಾತ್ರೆಯೇ ಆಂಟಿಬಯಾಟಿಕ್. ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಎರಡು ಮಾತ್ರೆ ಹಾಕುತ್ತಾರೆ. ಚೀಟಿ ಇಲ್ಲದೆ ತಗೋಬೇಡಿ ಅನ್ನುವ ಸ್ಟ್ರಿಪ್ ಮೇಲಿನ ಕೆಂಪು ಗೆರೆ ಅಂಗಡಿಯಲ್ಲೇ ಉಳಿಯುತ್ತದೆ. ಎಕ್ಸ್‌ಪೈರಿ ತಾರೀಕೂ ಅಲ್ಲೇ. ಬೆಳ್ಳಿ ಹಾಳೆಯ ಹಿಂದೆ ಹೆಸರಿನ ನಾಲ್ಕು ಅಕ್ಷರ ಉಳಿದಿದ್ದರೆ ಪುಣ್ಯ. ಮೂರು ದಿನ ಬಿಟ್ಟು ಅದೇ ಮನುಷ್ಯ ಆಸ್ಪತ್ರೆಗೆ ಹೋದರೆ, ಏನು ನುಂಗಿದ್ದೀರಿ ಅಂತ ಡಾಕ್ಟರ್ ಕೇಳಿದಾಗ "ಒಂದು ಬಿಳೀದು, ಒಂದು ಗುಲಾಬಿ" ಅಂತ ಹೇಳಬೇಕಾಗುತ್ತದೆ.

ಸೆಟ್ ಕೊಡುವವರೆಲ್ಲ ದುಡ್ಡಿನಾಸೆಗೆ ಕೊಡುತ್ತಾರೆ ಅಂತ ನಾನು ಹೇಳುವುದಿಲ್ಲ. ಎಷ್ಟೋ ಜನ ಪಾಪ ಅಂತಲೇ ಕೊಡುತ್ತಾರೆ. ತಗೊಂಡವರಿಗೆ ವಾಸಿಯೂ ಆಗುತ್ತದೆ. ಇಂಥ ಜ್ವರ, ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುವಂಥವು. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್‌ಗೆ ಏನೂ ಮಾಡುವುದಿಲ್ಲ. ಇಂಥ ಜ್ವರ ಕೆಲವು ದಿನ ಇದ್ದು ತಾನಾಗೇ ಇಳಿಯುತ್ತದೆ. ಎರಡನೇ ದಿನ ಮಾತ್ರೆ ನುಂಗಿ ನಾಲ್ಕನೇ ದಿನ ಎದ್ದು ಕೂತವನು ಮಾತ್ರೆಗೇ ಕೈ ಮುಗಿಯುತ್ತಾನೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಊರಲ್ಲಿ ದಿನಾ ಹತ್ತು ಕಡೆ ಟೊಂಗೆ ಮುರಿಯುತ್ತಿದ್ದರೆ, ಕಾಗೆಯದಲ್ಲ ಅಂತ ನಂಬಿಸುವುದು ಎಷ್ಟು ಕಷ್ಟ!

ಈ ಕೆಲಸದಲ್ಲಿ ನಾನು ಕಲಿತದ್ದು ಇದನ್ನೇ. ಎಲ್ಲರೂ ಮಾಡುವ ಕೆಲಸಕ್ಕೆ ಸಾಕ್ಷಿ ಕಣ್ಣೆದುರಿಗೇ ಇರುತ್ತದೆ. ನನ್ನ ಕಡೆಯ ಸಾಕ್ಷಿ ಯಾರಿಗೂ ಕಾಣುವುದಿಲ್ಲ. ಬೇಡದ ಮಾತ್ರೆ ನುಂಗಿದ ಮೈಯಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತವೆ, ಬೆಳೆಯುತ್ತವೆ, ಇನ್ನೊಬ್ಬರಿಗೆ ಹರಡುತ್ತವೆ. ಮುಂದೊಂದು ದಿನ ಬೇರೆ ಯಾರಿಗೋ ನಿಜವಾಗಿ ಬೇಕಾದಾಗ ಮಾತ್ರೆ ಕೆಲಸ ಮಾಡುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ, ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಪೆನಿಸಿಲಿನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಕಾಲ ಬರಬಹುದು, ಆಗ ಗೊತ್ತಿಲ್ಲದವನು ಕಡಿಮೆ ಡೋಸ್ ತಗೊಂಡು ರೋಗಾಣುಗಳನ್ನೇ ಪಳಗಿಸಿಬಿಡುತ್ತಾನೆ ಅಂದಿದ್ದರು. ಗಂಟಲು ನೋವಿಗೆ ತಾನೇ ಔಷಧಿ ತಗೊಂಡ ಗಂಡ, ಅವನಿಂದ ಹೆಂಡತಿಗೆ ಹರಡಿದ ರೋಗ, ಆಗ ಕೆಲಸ ಮಾಡದ ಪೆನಿಸಿಲಿನ್, ಇದೇ ಅವರು ಕೊಟ್ಟ ಉದಾಹರಣೆ. ಆ ಅಂಗಡಿ ಈಗ ನಮ್ಮ ಬಸ್ ಸ್ಟ್ಯಾಂಡ್ ರಸ್ತೆಯಲ್ಲೇ ಇದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು.

ಒಬ್ಬ ಲಾರಿ ಡ್ರೈವರ್ ಬಂದಿದ್ದರು. ಕೆಮ್ಮು ಶುರುವಾಗಿ ಎರಡು ವಾರ ದಾಟಿತ್ತು. ಹಿಂದೆ ಯಾರೋ ಬರೆದುಕೊಟ್ಟಿದ್ದ ಲೆವೊಫ್ಲಾಕ್ಸಸಿನ್ ಹೆಸರು ಮೊಬೈಲ್‌ನಲ್ಲಿ ತೋರಿಸಿ ಅದನ್ನೇ ಕೇಳಿದರು. ಈ ಮಾತ್ರೆ ಟಿಬಿಯನ್ನೂ ಸ್ವಲ್ಪ ದಿನ ಅಡಗಿಸಿಡುತ್ತದೆ. ಕೆಮ್ಮು ಕಡಿಮೆಯಾಗುತ್ತದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ, ಅಷ್ಟರಲ್ಲಿ ಮನೆಯವರಿಗೂ ಹರಡಬಹುದು. "ಅಣ್ಣಾ, ಸರ್ಕಾರಿ ಆಸ್ಪತ್ರೇಲಿ ಕಫ ಟೆಸ್ಟ್ ಫ್ರೀ ಮಾಡ್ತಾರೆ. ಮೊದಲು ಅದು ಮಾಡಿಸಿ" ಅಂದೆ. ಗಾಡಿ ನಿಲ್ಲಿಸಿ ಬಂದಿದ್ದೀನಿ, ನಂಗೆ ಟೈಮಿಲ್ಲ ಅಂತ ರೇಗಿ ಹೊರಟುಹೋದರು. ಮತ್ತೆ ಬರಲಿಲ್ಲ. ಟೆಸ್ಟ್ ಮಾಡಿಸಿದರೋ, ಪಕ್ಕದ ಅಂಗಡಿಯಲ್ಲಿ ತಗೊಂಡರೋ ನನಗೆ ಗೊತ್ತಿಲ್ಲ. ಹೀಗೇ ಇರುತ್ತದೆ. ನೋಡಿ, ನಾನು ಹೇಳಿದ್ದೇ ಸರಿಯಾಯ್ತು ಅನ್ನುವ ದಿನಕ್ಕೆ ಕಾದು ಕೂತರೆ ಈ ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಲು ಆಗುವುದಿಲ್ಲ.

ಜಾಸ್ತಿ ಕಷ್ಟವಾಗುವುದು ಅಪರಿಚಿತರ ಹತ್ತಿರ ಅಲ್ಲ, ನಮ್ಮವರ ಹತ್ತಿರ. ನಮ್ಮ ಮಾಲೀಕರ ಷಡ್ಡಕರು ಒಂದು ಸಂಜೆ ಮಗುವಿಗೆ ಸೆಫಿಕ್ಸಿಮ್ ಸಿರಪ್ ಕೇಳಿಕೊಂಡು ಬಂದರು. ಮಾಲೀಕರು ನನ್ನ ಕಡೆ ನೋಡಿ, "ಕೊಟ್ಬಿಡಪ್ಪ, ನಮ್ಮೋರೇ ಅಲ್ವಾ" ಅಂದರು. "ಅಣ್ಣಾ, ಮಗು ಎಷ್ಟು ತೂಕ ಇದೆಯೋ ಗೊತ್ತಿಲ್ಲ, ಡೋಸ್ ತೂಕದ ಮೇಲೆ ಹೋಗುತ್ತೆ. ಇದು ಬೇಕೋ ಬೇಡವೋ ಅನ್ನೋದನ್ನೇ ಇನ್ನೂ ಯಾರೂ ನೋಡಿಲ್ಲ" ಅಂದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಬೈಕ್ ತೆಗೆದು ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವತ್ತು ನಾನು ಯಾಕೆ ಬಗ್ಗಲಿಲ್ಲ ಅಂದರೆ, ಬೆಳಿಗ್ಗೆಯಷ್ಟೇ ಕೂಲಿಗೆ ಹೋಗುವ ಒಬ್ಬ ತಾಯಿಗೆ ಇಲ್ಲ ಅಂದಿದ್ದೆ. ಸಂಜೆ ಮಾಲೀಕರ ಕಡೆಯವರಿಗೆ ಕೊಟ್ಟಿದ್ದರೆ, ಆ ತಾಯಿಗೆ ಇಲ್ಲ ಅಂದದ್ದು ಕಾನೂನಿಗಾಗಿ ಅಲ್ಲ, ಆಕೆ ಬಡವಳು ಅನ್ನುವುದಕ್ಕೆ ಅಂತಾಗುತ್ತಿತ್ತು.

ಆ ತಾಯಿಯಂಥವರ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಡಾಕ್ಟರ್ ಫೀಸು, ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ ಹೋಗುತ್ತದೆ. ಅವರ ಲೆಕ್ಕ ಸರಿಯಾಗೇ ಇದೆ. ಬರೀ ಇಲ್ಲ ಅಂತ ಹೇಳಿ ಕಳಿಸಿದರೆ ನನ್ನ ನಿಯಮಕ್ಕೆ ದುಡ್ಡು ಕೊಡುವವರು ಅವರೇ ಆಗುತ್ತಾರೆ. ಅದಕ್ಕೇ ಇಲ್ಲ ಅಂದ ಮೇಲೆ ನನ್ನ ಕೆಲಸ ಶುರು. ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ಹೊತ್ತಿಗೊಮ್ಮೆ ಅಂತ ಕವರ್ ಮೇಲೆ ಬರೆದುಕೊಡುತ್ತೇನೆ. ಭೇದಿ ಅಂದರೆ ಓಆರ್‌ಎಸ್ ಕೊಟ್ಟು, ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಹಾಕಬೇಕು ಅಂತ ಬಾಟಲ್ ಹಿಡಿದು ತೋರಿಸುತ್ತೇನೆ. ತುಂಬಾ ಜನ ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿ ಕುಡಿಸುತ್ತಾರೆ. ಉಸಿರು ಜೋರಾದರೆ, ಮಗು ಹಾಲು ಬಿಟ್ಟರೆ, ಮೂತ್ರ ನಿಂತರೆ ಒಂದು ನಿಮಿಷವೂ ಕಾಯಬೇಡಿ ಅನ್ನುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ, ಸರ್ಕಾರದ್ದೇ ಆದ "ನಮ್ಮ ಕ್ಲಿನಿಕ್"ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಟೈಮಿಂಗ್ ಬರೆದು ಕೌಂಟರ್ ಗಾಜಿನ ಮೇಲೆ ಅಂಟಿಸಿದ್ದೇನೆ. ಭಾನುವಾರ ರಾತ್ರಿ ಹಳ್ಳಿಯಿಂದ ಬಂದವರಿಗೆ ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿ ಒಂದೇ ದಾರಿ. ಅಲ್ಲಿ ಕಾಯಬೇಕು, ಲಾಸ್ಟ್ ಬಸ್ ತಪ್ಪುತ್ತದೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇನ್ನೂ ಇಲ್ಲ.

ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ. ಸೆಟ್‌ಗೆ ಅಂತ ಬರುತ್ತಿದ್ದವರಲ್ಲಿ ಕೆಲವರು ಪೂರ್ತಿ ಬಿಟ್ಟೇಹೋದರು. ಬಿಪಿ, ಶುಗರ್ ಮಾತ್ರೆಯವರು ಉಳಿದುಕೊಂಡರು, ಅವರಿಂದ ಅಂಗಡಿ ನಡೆಯುತ್ತಿದೆ.

ಕೊನೆಗೆ, ಈಗ ಡಿ.ಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾ, ಓದುತ್ತಿರುವವರಿಗೆ ಒಂದು ಮಾತು. ಕೋರ್ಸ್ ಮುಗಿಯುತ್ತಿದ್ದ ಹಾಗೆ ನಿಮಗೆ ಯಾವುದೋ ಮೆಡಿಕಲ್ ಶಾಪ್‌ನವರಿಂದ ಒಂದು ಫೋನ್ ಬರುತ್ತದೆ. ಸರ್ಟಿಫಿಕೇಟ್ ಕೊಡಿ, ತಿಂಗಳು ತಿಂಗಳು ದುಡ್ಡು ಹಾಕ್ತೀವಿ, ನೀವು ಬರೋದೇ ಬೇಡ ಅನ್ನುತ್ತಾರೆ. ನನಗೂ ಬಂದಿತ್ತು. ನನ್ನ ಜೊತೆ ಓದಿದ ಕೆಲವರು ಒಪ್ಪಿಕೊಂಡರು, ಎಲ್ಲರೂ ಮಾಡ್ತಾರೆ ಅಂದರು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟೇ. ಗೋಡೆ ಮೇಲೆ ನಿಮ್ಮ ಫೋಟೊ ಇದ್ದು ಕೌಂಟರ್‌ನಲ್ಲಿ ನೀವಿಲ್ಲದಿದ್ದರೆ, ಅಲ್ಲಿ ನಿಂತಿರುವ ಹುಡುಗನಿಗೆ ಕೊಡಬೇಡ ಅನ್ನುವಷ್ಟು ಓದೂ ಇಲ್ಲ, ಅಧಿಕಾರವೂ ಇಲ್ಲ. ಕೇಳಿದ ಸೆಟ್ ಕಟ್ಟಿಕೊಡುತ್ತಾನೆ, ಪಾಪ. ಆ ಫೋನ್ ಬಂದಾಗ, ಅಂಗಡಿಯಲ್ಲಿ ನಾನೇ ನಿಲ್ಲುವುದಾದರೆ ಬರುತ್ತೇನೆ ಅಂತ ಹೇಳಿ. ಸಂಬಳ ಎಷ್ಟು ಅಂತ ಆಮೇಲೆ ಮಾತಾಡಿ.