ಕನ್ನಡ ಹೆಸರಿನ ಫೈಲ್‌ಗಳಿರುವ ಜಿಪ್: ಪೈಥಾನ್‌ನಲ್ಲಿ ಕಟ್ಟುವಾಗ, ಬಿಚ್ಚುವಾಗ

ಕಡತಗಳನ್ನು ಜಿಪ್ ಮಾಡಿ ಕಳಿಸುವ, ಬಂದ ಜಿಪ್ ಬಿಚ್ಚಿ ಸರ್ವರ್‌ಗೆ ಹಾಕುವ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಎಡವುವುದು ಫೈಲ್‌ನ ಒಳಗಿರುವ ಮಾಹಿತಿಯಲ್ಲಲ್ಲ, ಅದರ ಹೆಸರಿನಲ್ಲಿ. ಇಂಗ್ಲಿಷ್ ಹೆಸರುಗಳಿಂದ ಪರೀಕ್ಷೆ ಮಾಡಿದ ಕೋಡ್ 'ಗ್ರಾಮಸಭೆ ನಡಾವಳಿ' ಎಂಬ ಫೈಲ್ ಎದುರಾದ ದಿನ ಮುರಿದುಬೀಳುತ್ತದೆ.

ಕಟ್ಟುವ ಕೆಲಸ ಸುಲಭ. ಪೈಥಾನ್‌ನ ಜಿಪ್‌ಫೈಲ್ ಲೈಬ್ರರಿ, ಹೆಸರಿನಲ್ಲಿ ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರ-ಅಂಕಿಗಳ ಪಟ್ಟಿ) ಅಲ್ಲದ ಅಕ್ಷರವಿದ್ದರೆ ತಾನಾಗಿಯೇ ಎಲ್ಲ ಭಾಷೆಗಳಿಗೂ ಒಗ್ಗುವ ಯುಟಿಎಫ್-8ರಲ್ಲಿ ಬರೆದು, ಅದನ್ನು ಸೂಚಿಸಲು ಆ ಫೈಲ್‌ನ ಫ್ಲ್ಯಾಗ್‌ಗಳಲ್ಲಿ 11ನೇ ಬಿಟ್ ಹಚ್ಚುತ್ತದೆ. ನೋಡಿಕೊಳ್ಳಬೇಕಾದ್ದು ಬೇರೆ ಮೂರು. ಕಂಪ್ರೆಷನ್ ಏನೆಂದು ಹೇಳದಿದ್ದರೆ ಅದು ಕುಗ್ಗಿಸದೆ ಹಾಗೇ ಜೋಡಿಸಿಡುತ್ತದೆ. ಜಿಪ್_ಡಿಫ್ಲೇಟೆಡ್ ಎಂದು ಕೊಡಲೇಬೇಕು. ಜಿಪ್‌ನೊಳಗಿನ ಹೆಸರೇನೆಂದು ಹೇಳುವ ಆರ್ಕ್‌ನೇಮ್ ಕೊಡದಿದ್ದರೆ ಸರ್ವರ್‌ನ ಇಡೀ ಫೋಲ್ಡರ್ ದಾರಿ ಜಿಪ್‌ನೊಳಗೆ ಸೇರುತ್ತದೆ. ಫೈಲ್‌ಗಳ ಪಟ್ಟಿ ಬರೆಯುವುದು ಜಿಪ್‌ನ ಕೊನೆಯಲ್ಲಿ, ಅದೂ ಕ್ಲೋಸ್ ಮಾಡಿದಾಗ. ಆದ್ದರಿಂದ 'ವಿತ್' ಬ್ಲಾಕ್ ಬಳಸಿ. ಕ್ಲೋಸ್ ಆಗುವ ಮೊದಲೇ ಪ್ರೊಸೆಸ್ ಸತ್ತರೆ ಮಾಹಿತಿಯೆಲ್ಲ ಡಿಸ್ಕ್‌ನಲ್ಲಿದ್ದರೂ ಲೈಬ್ರರಿ ಅದನ್ನು ಜಿಪ್ ಎಂದೇ ಒಪ್ಪುವುದಿಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಜಿಪ್ ಕೆಟ್ಟಿಲ್ಲವೇ ಎಂದು ನೋಡುವ ಟೆಸ್ಟ್‌ಜಿಪ್ ಓಡಿಸಿ, ಆಮೇಲೆ ಓಎಸ್.ರಿಪ್ಲೇಸ್‌ನಿಂದ ನಿಜ ಹೆಸರಿಗೆ ಸರಿಸುವುದು ಕ್ಷೇಮ.

ಬಿಚ್ಚುವಾಗಲೇ ನಿಜವಾದ ಕಷ್ಟ. 11ನೇ ಬಿಟ್ ಇಲ್ಲದ ಹೆಸರನ್ನು ಪೈಥಾನ್ ಸಿಪಿ437 ಎಂಬ ಹಳೆಯ ಸಂಕೇತಪಟ್ಟಿಯಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಮೂಲಾಕ್ಷರ, ಸ್ವರಚಿಹ್ನೆ, ಹಲಂತ ಒಂದೊಂದೂ ಒಂದು ಸಂಕೇತ) ಮೂರು ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಅದು ಸಿಪಿ437ರಲ್ಲಿ ಗ್ರೀಕ್‌ನ ಆಲ್ಫಾ. ಹಾಗಾಗಿ ಹೆಸರಿನಲ್ಲಿ ಪ್ರತಿ ಮೂರನೇ ಗುರುತಿಗೂ ಆಲ್ಫಾ ಕಂಡರೆ ರೋಗ ಇದೇ ಎಂದು ತಿಳಿಯಿರಿ, ಏನೂ ಕಳೆದುಹೋಗಿಲ್ಲ. ಜಿಪ್‌ನೊಳಗಿನ ಫೈಲ್‌ಗಳ ಪಟ್ಟಿ ಕೊಡುವ ಇನ್ಫೋಲಿಸ್ಟ್‌ನ ಒಂದೊಂದು ನಮೂದಿನಲ್ಲೂ ಆ ಬಿಟ್ ನೋಡಿ, ಇಲ್ಲದಿದ್ದರೆ ಮಾತ್ರ ಹೆಸರನ್ನು ಸಿಪಿ437ಗೆ ಎನ್‌ಕೋಡ್ ಮಾಡಿ ಯುಟಿಎಫ್-8ರಲ್ಲಿ ಡಿಕೋಡ್ ಮಾಡಿ. ಸರಿಯಾದ ಹೆಸರನ್ನು ಅದೇ ನಮೂದಿನ ಫೈಲ್‌ನೇಮ್‌ಗೆ ತುಂಬಿ, ಆ ನಮೂದನ್ನೇ ಎಕ್ಸ್‌ಟ್ರಾಕ್ಟ್‌ಗೆ ಕೊಡಬಹುದು. ಮೂಲ ಹೆಸರು ಬೇರೆ ಜಾಗದಲ್ಲಿ ಉಳಿದಿರುವುದರಿಂದ ಹೆಡರ್ ತಾಳೆ ತಪ್ಪುವುದಿಲ್ಲ. ಪೈಥಾನ್ 3.11ರಿಂದ ಹೆಸರುಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕೆಂದು ಹೇಳುವ ಮೆಟಾಡೇಟಾ_ಎನ್‌ಕೋಡಿಂಗ್ ಎಂಬ ಆಯ್ಕೆಯೂ ಇದೆ. ಆದರೆ ಒಂದೇ ಒಂದು ಹೆಸರು ಆ ಎನ್‌ಕೋಡಿಂಗ್‌ಗೆ ಒಗ್ಗದಿದ್ದರೂ ಇಡೀ ಜಿಪ್ ತೆರೆಯುವುದಿಲ್ಲ. ಬಗೆಬಗೆಯ ಕಂಪ್ಯೂಟರ್‌ಗಳಿಂದ ಜಿಪ್ ಬರುವ ಕಡೆ ನಮೂದು ನಮೂದಾಗಿ ಸರಿಪಡಿಸುವುದೇ ಮೇಲು.

ಮುಂದಿನದು ಉದ್ದ. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ ಅದು 85 ಸಂಕೇತ, '.ಪಿಡಿಎಫ್' ಎಂಬ ಬಾಲ ಇಂಗ್ಲಿಷ್‌ನಲ್ಲಿದ್ದರೆ 83. 'ಕ್ಷೇ' ಎಂಬ ಒಂದೇ ಅಕ್ಷರ ನಾಲ್ಕು ಸಂಕೇತ, ಅಂದರೆ 12 ಬೈಟ್ ನುಂಗುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255 ಮಿತಿಯ ಲೆಕ್ಕ ಯುಟಿಎಫ್-16 ಘಟಕಗಳಲ್ಲಿ, ಕನ್ನಡದ ಸಂಕೇತಕ್ಕೆ ಒಂದೊಂದೇ. ಆದ್ದರಿಂದ ಅಲ್ಲಿ ಸಲೀಸಾಗಿ ಇಟ್ಟ ಉದ್ದನೆಯ ಹೆಸರು ಲಿನಕ್ಸ್ ಸರ್ವರ್‌ನಲ್ಲಿ 36ನೇ ದೋಷ (ಹೆಸರು ಅತಿ ಉದ್ದ) ಕೊಟ್ಟು ನಿಲ್ಲುತ್ತದೆ. ಮೊಟಕು ಮಾಡುವಾಗ ಬೈಟ್ ಎಣಿಸಿ ಆದರೆ ಅಕ್ಷರದ ನಡುವೆ ಕತ್ತರಿಸಬೇಡಿ. ಕೊನೆಗೊಂದು ಕ್ರಮಸಂಖ್ಯೆ ಸೇರಿಸಿ. ಇಲ್ಲವಾದರೆ ಆರಂಭ ಒಂದೇ ಆಗಿರುವ ಎರಡು ನಡಾವಳಿಗಳಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆ.

ಕಣ್ಣಿಗೆ ಕಾಣದ ತೊಡಕು ಒಂದಿದೆ. 'ಕೋ' ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಪರದೆಯ ಮೇಲೆ ಎರಡೂ ಒಂದೇ, ಡೇಟಾಬೇಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಟ್ಟುವಾಗಲೂ ಬಿಚ್ಚುವಾಗಲೂ ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ಕೊಟ್ಟು ಹಾಯಿಸಿ, ಹಾಯಿಸಿದ ಮೇಲೆ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆಯೇ ನೋಡಿ. ಒತ್ತಕ್ಷರ ತಡೆಯಲು ಹಾಕುವ ಶೂನ್ಯ ಅಗಲದ ಗುರುತನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೋಲಿಸಿ ನೋಡುವಾಗ ಅದನ್ನು ನೀವೇ ಬಿಟ್ಟು ಹೋಲಿಸಬೇಕು. ಹೆಸರಿನಿಂದಲೇ ಅಳಿಸಬೇಡಿ, ಓದು ಕೆಡುತ್ತದೆ.

ಹೊರಗಿನವರಿಂದ ಬಂದ ಜಿಪ್ ಆದರೆ ಗಾತ್ರವನ್ನೂ ನೋಡಿ. ಜಿಪ್‌ನ ಸಾಮಾನ್ಯ ಕುಗ್ಗಿಸುವ ವಿಧಾನವಾದ ಡಿಫ್ಲೇಟ್ ಸುಮಾರು 1,032ಕ್ಕೆ 1ರವರೆಗೆ ಕುಗ್ಗಿಸಬಲ್ಲದು: 10 ಎಂಬಿ ಬಿಚ್ಚಿದರೆ 10 ಜಿಬಿ ಆಗಬಹುದು. ನಮೂದುಗಳ ಫೈಲ್_ಸೈಜ್ ಕೂಡಿ ಮಿತಿ ಮೀರಿದರೆ ಅಲ್ಲೇ ನಿಲ್ಲಿಸಿ. ಎರಡು ಚುಕ್ಕೆಯ (..) ದಾರಿ ಹಾಕಿ ಫೋಲ್ಡರ್‌ನಿಂದಾಚೆ ಬರೆಯುವ ಮೋಸವನ್ನು ಜಿಪ್‌ಫೈಲ್‌ನ ಎಕ್ಸ್‌ಟ್ರಾಕ್ಟ್ ತಾನೇ ತಡೆಯುತ್ತದೆ. ಟಾರ್ ಕಡತಗಳಿಗಿರುವ ಪೈಥಾನ್ ಲೈಬ್ರರಿ ಟಾರ್‌ಫೈಲ್ ಬಹುಕಾಲ ತಡೆಯುತ್ತಿರಲಿಲ್ಲ, 3.12ರಲ್ಲಿ ಅದನ್ನು ತಡೆಯುವ ಫಿಲ್ಟರ್ ಆಯ್ಕೆ ಬಂತು, 'ಡೇಟಾ' ಫಿಲ್ಟರ್ ತಾನಾಗಿಯೇ ಜಾರಿಗೆ ಬಂದದ್ದು 3.14ರಲ್ಲಿ. ಆ ಫಿಲ್ಟರ್‌ನಲ್ಲೂ 2025ರಲ್ಲಿ ಲೋಪಗಳನ್ನು ಸರಿಪಡಿಸಿದ್ದಾರೆ, ಪೈಥಾನ್ ಹಳೆಯದಿದ್ದರೆ ಮೇಲೇರಿಸಿ.

ಹೆಸರಿನಲ್ಲಿ ಆಲ್ಫಾ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಕೋಡ್‌ನಿಂದ ಸಾಮಾನ್ಯವಾಗಿ ಏನೂ ಆಗದು. ಕಟ್ಟಿದ ಸಾಧನವೇ ಅಕ್ಷರಗಳನ್ನು ಬಿಸಾಕಿದೆ. ಒಳಗಿನ ಫೈಲ್‌ಗಳು ಸರಿ ಇರುತ್ತವೆ, ಹೆಸರಿಗೆ ಮಾತ್ರ ಕಳಿಸಿದವರನ್ನೇ ಕೇಳಿ, ಯುಟಿಎಫ್-8ರಲ್ಲಿ ಹೆಸರು ಬರೆಯುವ ಸಾಧನದಿಂದ ಹೊಸದಾಗಿ ಜಿಪ್ ಮಾಡಿಸಿಕೊಳ್ಳಿ.