ಧ್ಯಾನದ ಜಮಾ-ಖರ್ಚು: ಎಂಟು ವಾರದ ಪುಸ್ತಕ

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಏನೇ ಶುರು ಮಾಡಿದರೂ ಮೊದಲು ಪುಸ್ತಕ ತೆಗೆದು ನಡುವೆ ಗೆರೆ ಎಳೆಯುವ ಚಟ. ಧ್ಯಾನಕ್ಕೂ ಎಳೆದೆ. ಎಡಕ್ಕೆ ಜಮಾ: ಎಷ್ಟು ನಿಮಿಷ ಕೂತೆ. ಬಲಕ್ಕೆ ಖರ್ಚು: ಮನಸ್ಸು ಎಷ್ಟು ಸಲ ಓಡಿಹೋಯಿತು. ಈ ಪುಸ್ತಕ ಹೇಗೆ ಕೆಟ್ಟಿತು ಅಂತ ಬರೆದಿಡುತ್ತಿದ್ದೇನೆ.

ವಾರ 1, ಏಪ್ರಿಲ್ ಮಧ್ಯ

ಮಾರ್ಚ್ ಮುಗಿಯುವ ಹೊತ್ತಿಗೆ ಕನಸಲ್ಲೂ ಜಿಎಸ್‌ಟಿ ಬರುತ್ತಿತ್ತು. ಅದಕ್ಕೇ ಇದೆಲ್ಲ. ಬೆಳಿಗ್ಗೆ ಐದೂವರೆಗೆ ಮಾಳಿಗೆ ಮೇಲೆ ಕೂರುವುದು, ಬರೀ ಐದು ನಿಮಿಷ. ಆಮೇಲೆ ಈ ಊರಲ್ಲಿ ಬಿಸಿಲು ಯಾರನ್ನೂ ಕೂರಲು ಬಿಡುವುದಿಲ್ಲ.

ವಿಧಾನ ಸುಲಭ. ಮೂಗಿನ ತುದಿಯಲ್ಲಿ ಉಸಿರು ಬರುವುದು, ಹೋಗುವುದು ನೋಡಬೇಕು. ಉಸಿರು ಹೊರಗೆ ಹೋದಾಗ ಒಂದು ಎಣಿಕೆ. ಹತ್ತಾದ ಮೇಲೆ ಮತ್ತೆ ಒಂದರಿಂದ. ಹತ್ತು ಎಣಿಸುವುದು ಯಾವ ದೊಡ್ಡ ಕೆಲಸ ಅಂದುಕೊಂಡೆ. ಮೂರನೇ ಉಸಿರಿಗೇ ಚಿತ್ತಾಪುರದ ವ್ಯಾಪಾರಿಯ ಬಾಕಿ ಬಿಲ್ ಬಂತು. ಇನ್ನೊಂದು ದಿನ ಎಚ್ಚರವಾದಾಗ ಹದಿನೇಳರಲ್ಲಿದ್ದೆ. ನಾನು ಎಲ್ಲೋ ಇದ್ದೆ, ಎಣಿಕೆ ತನ್ನ ಪಾಡಿಗೆ ತಾನು ನಡೆದಿತ್ತು.

ಮೊದಲ ದಿನದ ಲೆಕ್ಕ: ಜಮಾ 5, ಖರ್ಚು 23. ಮಿಲ್ ಆಗಿದ್ದರೆ ಬೀಗ ಹಾಕುತ್ತಿದ್ದರು.

ಕಾಲು ಜೋಮು ಹಿಡಿಯುವುದು ಬೇರೆ. ಅದಕ್ಕೆ ಔಷಧಿ ಮನೆಯಲ್ಲೇ ಇತ್ತು: ಹಳೇ ಕೌದಿ. ನಾಲ್ಕು ಮಡಿಕೆ ಮಾಡಿ ಕುಂಡೆ ಕೆಳಗೆ ಇಟ್ಟರೆ ಸೊಂಟ ಮೇಲೇರುತ್ತದೆ, ಮೊಣಕಾಲು ಕೆಳಗಿಳಿಯುತ್ತದೆ, ಬೆನ್ನು ತಾನೇ ನೇರವಾಗುತ್ತದೆ. ಮೊದಲ ದಿನವೇ ಯಾರಾದರೂ ಹೇಳಬಾರದಿತ್ತಾ? ಕುರ್ಚಿ ಮೇಲೆ ಕೂತರೂ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೆ ಕೌದಿ ಬಿಡಲು ಮನಸ್ಸಾಗಲಿಲ್ಲ.

ವಾರ 2

ಫೋನಿಗೆ ಒಂದು ಆ್ಯಪ್ ಹಾಕಿಕೊಂಡಿದ್ದೆ. ಸೇಡಂನಲ್ಲಿ ಮದುವೆ, ಒಂದು ದಿನ ತಪ್ಪಿತು. 'ನಿಮ್ಮ ಹನ್ನೊಂದು ದಿನದ ಸಾಲು ಮುರಿಯಿತು' ಅಂತ ಮೆಸೇಜ್. ನಲವತ್ತಾರು ವರ್ಷದವನು ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿದೆ. ಆ್ಯಪ್ ತೆಗೆದುಹಾಕಿದೆ. ಆ ಸಿಟ್ಟಿಗೆ ನಾಲ್ಕು ದಿನ ಕೂರಲೇ ಇಲ್ಲ. ಯಾರ ಮೇಲಿನ ಸಿಟ್ಟು ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ.

ವಾರ 3

ನಮ್ಮವ್ವ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂರುತ್ತಾಳೆ. ಕಣ್ಣು ಲಿಂಗದ ಮೇಲೆ. ಹುಟ್ಟಿದಾಗಿಂದ ನೋಡಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಈ ವಾರ ಕೇಳಿದೆ.

"ಅವ್ವಾ, ಪೂಜಿಗಿ ಕುಂತಾಗ ನಿನ್ನ ಮನಸ್ಸು ಅತ್ತಿತ್ತ ಹೋಗಂಗಿಲ್ಲೇನು?"

"ಹೋಗ್ಲಾರ್ದ ಏನಪಾ? ಒಲಿ ಮ್ಯಾಲಿನ ಹಾಲಿಗಿ ಹೋಗ್ತದ. ನಿಮ್ಮಕ್ಕನ ಮನಿಗಿ ಹೋಗಿ ಬರ್ತದ."

"ಮತ್ತ ಏನ್ ಮಾಡ್ತಿ?"

"ಏನ್ ಮಾಡೋದು, ಮತ್ತ ಲಿಂಗದ ಮ್ಯಾಲ ನದರ ಇಡ್ತೀನಿ."

"ದಿನಾ ಎಷ್ಟು ಸಲ ಹೋಗ್ತದ?"

ಅವ್ವ ನನ್ನ ಮುಖ ನೋಡಿದಳು. "ಅದನ್ಯಾಕ ಎಣಸ್ತಿಯೋ ಹುಚ್ಚಾ?"

ಅವತ್ತು ರಾತ್ರಿ ಪುಸ್ತಕ ತೆಗೆದು ಖರ್ಚಿನ ಕಡೆ ತುಂಬಾ ಹೊತ್ತು ನೋಡಿದೆ. 23, 19, 31. ಮನಸ್ಸು ಓಡಿದ್ದು ಗೊತ್ತಾದರೆ ತಾನೇ ನಾನು ಅದನ್ನು ಬರೆಯುವುದು? ಅಂದರೆ ಇಪ್ಪತ್ಮೂರು ಸಲ ಓಡಿತ್ತು ನಿಜ, ಇಪ್ಪತ್ಮೂರು ಸಲ ವಾಪಸ್ಸೂ ಬಂದಿತ್ತು. ಜಮಾ ಆಗಬೇಕಾದದ್ದನ್ನು ಎರಡೂವರೆ ವಾರ ಖರ್ಚಿಗೆ ಬರೆದಿದ್ದೇನೆ. ಇಂಥ ತಪ್ಪು ಮಿಲ್‌ನ ಪುಸ್ತಕದಲ್ಲಿ ಮಾಡಿದ್ದರೆ ನೌಕರಿ ಉಳಿಯುತ್ತಿರಲಿಲ್ಲ.

ವಾರ 4

ಭಾನುವಾರ ಬುದ್ಧ ವಿಹಾರಕ್ಕೆ ಹೋದೆ. ವಿಶ್ವವಿದ್ಯಾಲಯದ ಹತ್ತಿರ ಇರುವ, 2009ರ ಜನವರಿಯಲ್ಲಿ ಉದ್ಘಾಟನೆಯಾದ ದೊಡ್ಡ ಬಿಳಿ ಗುಮ್ಮಟದ್ದು. ಇಷ್ಟು ವರ್ಷ ಬಂದದ್ದೆಲ್ಲ ನೆಂಟರನ್ನು ಕರೆತಂದು ಫೋಟೋ ತೆಗೆಸಲು. ಈ ಸಲ ಒಂದು ಮೂಲೆಯಲ್ಲಿ ಹತ್ತು ನಿಮಿಷ ಕೂತೆ. ಪಕ್ಕದಲ್ಲಿ ಒಂದು ಮಗು ಚಿಪ್ಸ್ ಪ್ಯಾಕೆಟ್ ಪರಪರ ಅನ್ನಿಸುತ್ತಿತ್ತು. ಹತ್ತು ನಿಮಿಷವೂ ಆ ಪ್ಯಾಕೆಟ್ಟೇ ನನ್ನ ಧ್ಯಾನ.

ನಾನು ಮಾಡುತ್ತಿರುವುದಕ್ಕೆ ಬೌದ್ಧರ ಹಳೇ ಗ್ರಂಥಗಳ ಪಾಲಿ ಭಾಷೆಯಲ್ಲಿ ಆನಾಪಾನ ಅನ್ನುತ್ತಾರೆ, ಒಳಗೆ ಬರುವ ಉಸಿರು, ಹೊರಗೆ ಹೋಗುವ ಉಸಿರು ಅಂತ. ವಿಪಶ್ಯನ ಅನ್ನುವ ಬೌದ್ಧ ಧ್ಯಾನದ ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಇದೊಂದನ್ನೇ ಮಾಡಿಸುತ್ತಾರೆ. ಇಡೀ ದಿನ ಕೂರುವವರಿಗೇ ಮೂರು ದಿನ ಬೇಕು, ನನ್ನ ಐದು ನಿಮಿಷ ಯಾವ ಲೆಕ್ಕ ಅಂದುಕೊಂಡು ಸ್ವಲ್ಪ ಹಗುರಾದೆ. ನಮ್ಮ ಜಿಲ್ಲೆಗಂತೂ ಇದು ಹೊಸದಲ್ಲ. ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ, ಭೀಮಾ ದಂಡೆಗೆ, ಸುಮಾರು ಎರಡು ಸಾವಿರ ವರ್ಷ ಹಳೆಯ ಸ್ತೂಪ ಸಿಕ್ಕಿದೆ. ಅಲ್ಲಿ ಕೂತ ಭಿಕ್ಕುಗಳಿಗೂ ಮೇ ತಿಂಗಳಲ್ಲಿ ಬೆವರು ಇಳಿದಿರಬೇಕು, ಅಲ್ವಾ?

ವಾರ 5

ಒಂದು ಬೆಳಿಗ್ಗೆ ಕಣ್ಣು ಮುಚ್ಚಿದ ಕೂಡಲೇ ತೀರಿಹೋದ ಅಪ್ಪ ಬಂದ. ಆಸ್ಪತ್ರೆಯ ಕೊನೆಯ ರಾತ್ರಿ. ಉಸಿರು ನೋಡಲು ಹೋದರೆ ಅವನ ಉಸಿರೇ ಕೇಳಿಸಿತು. ಹಟ ಹಿಡಿದು ಕೂರಲಿಲ್ಲ. ಕಣ್ಣು ತೆರೆದು ಎದುರಿನ ಬೇವಿನ ಮರ ನೋಡುತ್ತಾ ಇದ್ದೆ. ಎದ್ದು ಚಹಾ ಕುಡಿದೆ. ಪುಸ್ತಕದಲ್ಲಿ ಬರೆದದ್ದು: 'ಬೇವಿನ ಮರ, 2 ನಿಮಿಷ.' ಖರ್ಚಿನ ಕಡೆ ಏನೂ ಬರೆಯಲಿಲ್ಲ.

ವಾರ 6

ಕೂತೆ. ಎರಡು ದಿನ ಕೂರಲಿಲ್ಲ. ಮತ್ತೆ ಕೂತೆ.

ವಾರ 7

ಮಿಲ್‌ನಲ್ಲಿ ತೂಕದ ಚೀಟಿ ವಿಷಯಕ್ಕೆ ಜಗಳ. ನಾನೂ ಜೋರಾಗಿಯೇ ಕೂಗಿದೆ. ಶಾಂತನಾಗಿದ್ದೆ ಅಂದರೆ ಸುಳ್ಳಾಗುತ್ತದೆ. ಆದರೆ ಕೂಗುವ ನಡುವೆ ಕಿವಿ ಕಾದದ್ದು ಗೊತ್ತಾಯಿತು. ಮೊದಲಾದರೆ ರಾತ್ರಿ ಊಟಕ್ಕೆ ಕೂತಾಗ ಗೊತ್ತಾಗುತ್ತಿತ್ತು. ಧ್ವನಿ ಇಳಿಸಿ, ಚೀಟಿ ಮತ್ತೊಮ್ಮೆ ನೋಡಿದೆ. ತಪ್ಪು ನನ್ನದೇ ಇತ್ತು.

ವಾರ 8

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಂದಿದೆ. ಮಾಳಿಗೆ ತೊಯ್ದು ಕೌದಿ ಕೆಳಗೆ ಬಂತು, ಈಗ ಪಡಸಾಲೆಯಲ್ಲಿ ಕೂರುತ್ತೇನೆ. ಪಕ್ಕದಲ್ಲೇ ಅವ್ವನ ಪೂಜೆ. ಖರ್ಚಿನ ಕಡೆ ಮೂರು ವಾರದಿಂದ ಖಾಲಿ. ಹತ್ತರವರೆಗೆ ಎಣಿಕೆ ಈಗಲೂ ದಿನಕ್ಕೆ ಒಂದೆರಡು ಸಲ ಮಾತ್ರ ಮುಟ್ಟುತ್ತದೆ.

ಇವತ್ತು ಏಳನೇ ನಿಮಿಷಕ್ಕೆ ಪೈಪಿನಲ್ಲಿ ಸುಸ್ ಅಂತ ಗಾಳಿ. ಹಿಂದೆಯೇ ಓಣಿಯಿಂದ ಕೂಗು: "ನಳ ಬಂದದ!" ನಾಲ್ಕು ದಿನದ ಮೇಲೆ ಬಂದ ನೀರು, ಕಣ್ಣು ಮುಚ್ಚಿ ಕೂರುವುದುಂಟೇ? ಎದ್ದು ಡ್ರಮ್ ತುಂಬಿದೆ, ಎಂಟು ಕೊಡ ತುಂಬಿದೆ, ಪಕ್ಕದ ಮನೆ ಅಜ್ಜಿಯ ಎರಡು ಕೊಡವನ್ನೂ ಹೊತ್ತು ಕೊಟ್ಟೆ. ತೊಯ್ದ ಲುಂಗಿಯಲ್ಲೇ ವಾಪಸ್ ಬಂದು ಕೌದಿ ಮೇಲೆ ಕೂತು, ಒಂದರಿಂದ ಶುರು ಮಾಡಿದೆ.