ವೇಷ ಕಳಚಿ ಕುಳಿತ ನೋರಾ

ಶಿರಸಿ ಸೀಮೆಯಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಬಯಲಾಟಕ್ಕೆ ಬಿಡುವಿರುವ ಆ ತಿಂಗಳುಗಳಲ್ಲಿ ಯಾರದೋ ಮನೆಯ ಜಗುಲಿಯಲ್ಲಿ ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕಿರೀಟವಿಲ್ಲದೆ, ಬಣ್ಣವಿಲ್ಲದೆ, ಎದುರುಬದುರು ಕುಳಿತು ಮಾತಿನಲ್ಲೇ ಯುದ್ಧ ನಡೆಸುತ್ತಾರೆ. ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸೆನ್ನನ ‘ಗೊಂಬೆ ಮನೆ’ಯ ಕೊನೆಯ ಅಂಕವನ್ನು ಓದಿದಾಗ ನನಗೆ ನೆನಪಾದದ್ದು ಈ ಜಗುಲಿ. ಟಾರಂಟೆಲ್ಲಾ ಕುಣಿತದ ಉಡುಪನ್ನು ಕಳಚಿ, ದಿನಬಳಕೆಯ ಬಟ್ಟೆ ತೊಟ್ಟು ಬರುವ ನೋರಾ, ಗಂಡನನ್ನು ಮೇಜಿನ ಆಚೆ ಕುಳಿತುಕೊಳ್ಳಲು ಹೇಳುತ್ತಾಳೆ; ಮದುವೆಯಾಗಿ ಎಂಟು ವರ್ಷವಾದರೂ ತಾವಿಬ್ಬರೂ ಗಂಭೀರವಾಗಿ ಮಾತಿಗೆ ಕುಳಿತದ್ದು ಇದೇ ಮೊದಲು ಎನ್ನುತ್ತಾಳೆ. ಆಟ ಮುಗಿದು ತಾಳಮದ್ದಳೆ ಶುರುವಾಗುತ್ತದೆ.

ಹೀಗೆ ವೇಷ ಕಳಚಲು ಇಬ್ಸೆನ್ನನಿಗೇ ಅರ್ಧ ಆಯುಷ್ಯ ಹಿಡಿಯಿತು. 1828ರಲ್ಲಿ ಶೀಯೆನ್ ಎಂಬ ಊರಿನ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಆತ, ತಂದೆ ದಿವಾಳಿಯಾದ್ದರಿಂದ ಹದಿನೈದರ ಹರೆಯದಲ್ಲೇ ಗ್ರಿಮ್‌ಸ್ಟಾಡಿನ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ಹೋದ. 1851ರಿಂದ ಬೆರ್ಗೆನ್ ಮತ್ತು ಕ್ರಿಸ್ಟಿಯಾನಿಯಾದ (ಇಂದಿನ ಓಸ್ಲೋ) ರಂಗಮಂದಿರಗಳಲ್ಲಿ ದುಡಿದ. ಎರಡನೆಯದು 1862ರಲ್ಲಿ ಮುಚ್ಚಿಹೋಯಿತು. 1864ರಲ್ಲಿ ದೇಶ ಬಿಟ್ಟವನು ಇಟಲಿ, ಜರ್ಮನಿಗಳಲ್ಲಿ 27 ವರ್ಷ ಕಳೆದ. ಕೀರ್ತಿ ತಂದುಕೊಟ್ಟ ‘ಬ್ರಾಂಡ್’ (1866) ಮತ್ತು ‘ಪೀರ್ ಗಿಂಟ್’ (1867) ಎರಡೂ ಪದ್ಯದಲ್ಲೇ ಇದ್ದವು. ಆಮೇಲೆ ಬಂದ ಐತಿಹಾಸಿಕ ನಾಟಕವೊಂದು ಪದ್ಯದಲ್ಲಿರಬೇಕಿತ್ತೆಂದು ಇಂಗ್ಲಿಷ್ ವಿಮರ್ಶಕ ಎಡ್ಮಂಡ್ ಗಾಸ್ ಆಕ್ಷೇಪಿಸಿದಾಗ, ತಾನು ಚಿತ್ರಿಸಬೇಕೆಂದಿದ್ದು ಮನುಷ್ಯರನ್ನು, ಆದ್ದರಿಂದ ಅವರ ಬಾಯಲ್ಲಿ ದೇವರ ಭಾಷೆಯನ್ನು ಆಡಿಸಲಿಲ್ಲ ಎಂದು 1874ರಲ್ಲಿ ಉತ್ತರ ಬರೆದ. (ನಮ್ಮ ಜಗುಲಿಯಲ್ಲಾದರೋ ಸಾಕ್ಷಾತ್ ಕೃಷ್ಣನೇ ಪಕ್ಕದ ಮನೆಯವನಂತೆ ಮಾತಾಡುತ್ತಾನೆ, ಆ ಸಮಸ್ಯೆಯೇ ಇಲ್ಲ.)

‘ಗೊಂಬೆ ಮನೆ’ 1879ರ ಡಿಸೆಂಬರಿನಲ್ಲಿ ಪ್ರಕಟವಾಗಿ ಅದೇ ತಿಂಗಳು ಕೋಪನ್‌ಹೇಗನ್ನಿನಲ್ಲಿ ರಂಗವೇರಿತು. ಅದರ ಹಿಂದೆ ಲಾರಾ ಕೀಲರ್ ಎಂಬ ಲೇಖಕಿಯ ಬದುಕಿತ್ತು. ಕಾಯಿಲೆಯ ಗಂಡನಿಗಾಗಿ ಗುಟ್ಟಾಗಿ ಸಾಲ ಮಾಡಿ ಕಷ್ಟಕ್ಕೆ ಸಿಲುಕಿದ ಆಕೆಯನ್ನು ಗಂಡ ಹುಚ್ಚಾಸ್ಪತ್ರೆಗೆ ಸೇರಿಸಿದ್ದ. ನಾಟಕದ ನೋರಾ ಅದೇ ಬಗೆಯ ಸಾಲದ ಪತ್ರಕ್ಕೆ ತಂದೆಯ ಸಹಿಯನ್ನು ತಾನೇ ಹಾಕಿದ್ದಾಳೆ. ಸಹಿಯ ಕೆಳಗಿನ ತಾರೀಖು ತಂದೆ ತೀರಿಕೊಂಡ ಮೂರು ದಿನಗಳ ನಂತರದ್ದು. ವಿಷಯ ಬಯಲಾದಾಗ ಗಂಡ ಟೋರ್ವಾಲ್ಡ್ ಮಾನಕ್ಕೆ ಹೆದರಿ ಅವಳನ್ನು ಬೈಯುತ್ತಾನೆ, ಅಪಾಯ ತಪ್ಪಿದೊಡನೆ ಕ್ಷಮಿಸಿದೆನೆನ್ನುತ್ತಾನೆ. ನನ್ನ ಮಟ್ಟಿಗೆ ಬೈಗುಳಕ್ಕಿಂತ ಆ ಕ್ಷಮೆಯೇ ಹೆಚ್ಚು ಅಸಹ್ಯವಾದದ್ದು.

ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ಪ್ರಸಂಗದ ಕೊನೆ ಬದಲಾಗದು. ರಾಮನ ಬಾಣಕ್ಕೆ ಅವನು ಸಾಯಲೇಬೇಕು. ನೋರಾಳ ಮಾತು ಮಾತ್ರ ಅವಳನ್ನು ಗಂಡ, ಮಕ್ಕಳನ್ನು ಬಿಟ್ಟು ಬಾಗಿಲಾಚೆ ಒಯ್ಯುತ್ತದೆ. ಜರ್ಮನಿಯ ನಟಿಯೊಬ್ಬಳು ಆ ಕೊನೆಯನ್ನು ಆಡಲು ಒಪ್ಪದಿದ್ದಾಗ, ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ಲೇಸೆಂದು ಇಬ್ಸೆನ್ ಮತ್ತೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ನೋರಾ ಮಕ್ಕಳ ಕೋಣೆಯ ಬಾಗಿಲಲ್ಲಿ ಕುಸಿದು ಉಳಿದುಬಿಡುತ್ತಾಳೆ. ಅದು ನಾಟಕದ ಮೇಲೆ ನಡೆದ ಬರ್ಬರ ಹಿಂಸೆಯೆಂದು ಅವನೇ ಹೇಳಿಕೊಂಡ. 1898ರಲ್ಲಿ ನಾರ್ವೆಯ ಮಹಿಳಾ ಹಕ್ಕುಗಳ ಸಂಘ ಸನ್ಮಾನಿಸಿದಾಗಲೂ, ಆ ಹೋರಾಟಕ್ಕಾಗಿ ತಾನು ಪ್ರಜ್ಞಾಪೂರ್ವಕವಾಗಿ ದುಡಿದ ಹಿರಿಮೆ ತನ್ನದಲ್ಲವೆಂದ. ವಿನಯವೋ ಹಠವೋ ತಿಳಿಯದು. 1906ರಲ್ಲಿ ತೀರಿಕೊಳ್ಳುವ ಮುನ್ನ ಆಡಿದ ಕೊನೆಯ ಮಾತೂ ‘ಅದಕ್ಕೆ ವಿರುದ್ಧವೇ’ ಎಂಬುದಾಗಿತ್ತೆಂದು ಪ್ರತೀತಿ.

ಕಳೆದ ಶ್ರಾವಣದಲ್ಲಿ ತಾಳಮದ್ದಳೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಈ ಕಥೆಯನ್ನು ಚಿಕ್ಕಮ್ಮನಿಗೆ ಹೇಳಿದೆ. ಮಕ್ಕಳನ್ನು ಯಾರು ನೋಡಿಕೊಂಡರೆಂದು ಅವರು ಕೇಳಿದರು. ನೋರಾಳನ್ನೇ ಸಾಕಿದ ದಾದಿ ಇದ್ದಳೆಂದೆ. ಆ ರಾತ್ರಿ ಎಲ್ಲಿಗೆ ಹೋದಳು? ಗೆಳತಿಯ ಮನೆಗೆ, ಮರುದಿನ ತಾನು ಹುಟ್ಟಿದ ಊರಿಗೆ. ಚಿಕ್ಕಮ್ಮ ಲೋಟ ಕೆಳಗಿಟ್ಟರು.

“ಅಪ್ಪ ಸತ್ತೋದ ಅಂದ್ಯಲ್ಲ ತಮಾ, ಹಾಂಗಾರೆ ಅದೆಂತ ತವರುಮನೆ?”